ಬಂದ ಹುಳಕ್ಕೆ ತಾರೀಖು ಇದೆ, ಹೋದ ಹುಳಕ್ಕೆ ಇಲ್ಲ

ಹೋದ ವರ್ಷ ಮಣ್ಣೆತ್ತಿನ ಅಮವಾಸ್ಯೆಗೆ ಊರಿಗೆ ಹೋಗಿದ್ದೆ. ನಮ್ಮದು ಹಾವೇರಿ ಜಿಲ್ಲೆ, ಬ್ಯಾಡಗಿ ಕಡೆಯ ಹಳ್ಳಿ. ಅಣ್ಣನ ಮಗಳು ಶಾಲೆಯಿಂದ ಒಂದು ಕೆಲಸ ಹಚ್ಚಿಕೊಂಡು ಬಂದಿದ್ದಳು. ಮನೆ ಸುತ್ತಮುತ್ತ ಕಾಣುವ ಹತ್ತು ಹುಳಗಳ ಚಿತ್ರ ತೆಗೆದು ಹೆಸರು ಬರೆಯಬೇಕಂತೆ. ನೊಣ, ಸೊಳ್ಳೆ, ಇರುವೆ, ಜಿರಳೆ, ಚಿಟ್ಟೆ ಅಂತ ಐದು ಬರೆದು ಪೆನ್ನು ಕಚ್ಚುತ್ತಾ ಕೂತಿದ್ದಳು.

"ಮುಂದ ಯಾವು ಕಾಕಾ?"

ನಾನು ಬಾಯಿ ತೆರೆಯೋ ಮುಂಚೆ ಅಡುಗೆಮನೆಯಿಂದ ಅವ್ವ ಕೂಗಿದಳು. "ಮಿರಗದ ಹುಳ ಬರಿ."

ಹುಡುಗಿ ನನ್ನ ಮುಖ ನೋಡಿದಳು. ಅವಳು ಆ ಹುಳವನ್ನು ನೋಡಿಯೇ ಇಲ್ಲ. ಹನ್ನೆರಡು ವರ್ಷದ ಹುಡುಗಿ, ಅದೇ ಮನೆ, ಅದೇ ಹೊಲ, ಒಂದು ಮಳೆಗಾಲವನ್ನೂ ಬೇರೆ ಕಡೆ ಕಳೆದವಳಲ್ಲ.

ನಮ್ಮ ಕಾಲದಲ್ಲಿ ಜೂನ್ ಮೊದಲ ವಾರ ಮಿರಗ, ಅಂದರೆ ಮೃಗಶಿರಾ ಮಳೆ ಕೂಡಿ ಒಂದು ಹದ ಮಳೆ ಬಿದ್ದರೆ ಸಾಕು, ಮರುದಿನ ಬೆಳಿಗ್ಗೆ ಮಸಾರಿ ಹೊಲದ ತುಂಬ ಅವೇ. ಕೆಂಪು ಮಖಮಲ್ ಬಟ್ಟೆಯ ಚೂರಿಗೆ ಕಾಲು ಬಂದಂತೆ ಇರುತ್ತಿದ್ದವು. ಮುಟ್ಟಿದರೆ ಕಾಲು ಮಡಚಿ ಸುಮ್ನೆ ಬಿದ್ದುಕೊಳ್ಳುವುದು, ಅಂಗೈ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಮೆಲ್ಲಗೆ ಒಂದೊಂದೇ ಕಾಲು ಬಿಚ್ಚಿ ಬೆರಳ ಕಡೆಗೆ ಹೊರಡುವುದು. ಬೆಂಕಿಪೊಟ್ಟಣದಲ್ಲಿ ಹಸಿ ಮಣ್ಣು ಹಾಕಿ ಅವನ್ನು ಶಾಲೆಗೆ ಒಯ್ಯುತ್ತಿದ್ದೆವು. ಲೆಕ್ಕದ ಪ್ರಕಾರ ಅದು ಕೀಟವೇ ಅಲ್ಲ ಬಿಡಿ. ಎಂಟು ಕಾಲು, ಜೇಡ ಉಣ್ಣಿಗಳ ಬಳಗ. ಹುಡುಗಿ ಅದನ್ನೇ ಬರೆದಿದ್ದರೆ ಟೀಚರು ಮಾರ್ಕ್ಸ್ ಕಡಿಯುತ್ತಿದ್ದರೋ ಏನೋ. ಆದರೆ ಅದು ನೆಲದೊಳಗೆ ಬೇರೆ ಹುಳದ ಮೊಟ್ಟೆ, ಗೆದ್ದಲು ತಿಂದು ಬದುಕುವ ಪ್ರಾಣಿ. ಅದು ಇಲ್ಲ ಅಂದರೆ ಮಣ್ಣಿನೊಳಗೆ ಇನ್ನೂ ಏನೇನೋ ಇಲ್ಲ ಅಂತಲೇ ಅರ್ಥ.

ಕೊನೆಯ ಸಲ ಅದನ್ನು ಯಾವಾಗ ನೋಡಿದ್ದು? ಎಷ್ಟು ತಲೆ ಕೆರೆದುಕೊಂಡರೂ ನನಗೆ ನೆನಪಾಗಲಿಲ್ಲ. ಅವ್ವನಿಗೂ ಇಲ್ಲ. ಅಣ್ಣ ದಿನಾ ಹೊಲಕ್ಕೆ ಹೋಗುವವನು, ಅವನಿಗೂ ಇಲ್ಲ. "ಈಗೆಲ್ಲಿ ಕಾಣ್ತಾವ ಅವು" ಅಂದನೇ ಹೊರತು, ಯಾವ ವರ್ಷದಿಂದ ಕಾಣುತ್ತಿಲ್ಲ ಅಂದರೆ ಮೇಲೆ ನೋಡಿದ. ಇದೇ ನನ್ನನ್ನು ಕೊರೆಯತೊಡಗಿತು.

ಅವತ್ತು ಅಮವಾಸ್ಯೆ, ಕತ್ತಲು ಚೆನ್ನಾಗಿತ್ತು. ಹುಣ್ಣಿಮೆ ಬೆಳಕಿದ್ದರೆ ದೀಪಕ್ಕೆ ಹುಳ ಕಡಿಮೆ ಬರುತ್ತವೆ. ಹಾಗಾಗಿ ಹುಡುಗಿಗೆ ಒಂದು ಉಪಾಯ ಹೇಳಿದೆ. ಅಪ್ಪನ ಹಳೇ ಧೋತರ ಒಂದನ್ನು ಮಾಳಿಗೆ ಮೇಲೆ ಹಗ್ಗಕ್ಕೆ ಕಟ್ಟಿ, ಅದರ ಮುಂದೆ ಲೈಟು ಹಚ್ಚಿ ಕೂರೋಣ, ಬಂದವನ್ನೆಲ್ಲ ನೋಡಿ ಬರೆಯೋಣ ಅಂತ. ಮನೆಯಲ್ಲಿರುವುದೆಲ್ಲ ಎಲ್‌ಇಡಿ ಬಲ್ಬು. ಅಟ್ಟದಲ್ಲಿ ಹುಡುಕಾಡಿ ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಒಂದನ್ನು ಕೆಳಗಿಳಿಸಿದೆ. ಅದು ನಾಲ್ಕು ಸಲ ಮಿಣಿಮಿಣಿ ಮಾಡಿ ಹತ್ತಿಕೊಂಡಿತು.

ಲೈಟಿನ ಮಾತು ಸುಮ್ನೆ ಹೇಳಿದ್ದಲ್ಲ. ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಬಹಳ ಹುಳಗಳಿಗೆ ಕಾಣುತ್ತದೆ. ಹಳೇ ಟ್ಯೂಬ್‌ಲೈಟು, ಪಾದರಸದ ಬೀದಿದೀಪಗಳಲ್ಲಿ ಅದರ ಅಂಶ ಇರುತ್ತಿತ್ತು. ಎಲ್‌ಇಡಿಯಲ್ಲಿ ಹೆಚ್ಚುಕಮ್ಮಿ ಇರುವುದೇ ಇಲ್ಲ. "ಮೊದಲು ದೀಪದ ಸುತ್ತ ಎಷ್ಟು ಹುಳ ಇರುತ್ತಿದ್ದವು, ಈಗ ಒಂದೂ ಇಲ್ಲ" ಅಂತ ಎಲ್ಲರೂ ಹೇಳುತ್ತೇವೆ, ಅಲ್ವಾ? ಹುಳ ಕಡಿಮೆಯಾದದ್ದು ನಿಜವೇ ಇರಬಹುದು. ಆದರೆ ದೀಪವೇ ಬದಲಾಗಿದೆ, ಊರಲ್ಲಿ ದೀಪಗಳ ಸಂಖ್ಯೆ ಹೆಚ್ಚಾಗಿದೆ, ನಾವು ಕಟ್ಟೆ ಮೇಲೆ ಕೂರುವುದು ಬಿಟ್ಟು ಒಳಗೆ ಟಿವಿ ಮುಂದೆ ಕೂರುತ್ತೇವೆ. ಇದನ್ನೆಲ್ಲ ಕಳೆದ ಮೇಲೆ ಉಳಿಯುವುದು ಎಷ್ಟು? ನೆನಪನ್ನು ನಂಬಬೇಡಿ ಅಂತ ನಾನು ಹೇಳುತ್ತಿಲ್ಲ. ನೆನಪಿಗೆ ದಿಕ್ಕು ಗೊತ್ತಿರುತ್ತದೆ, ದೂರ ಗೊತ್ತಿರುವುದಿಲ್ಲ.

ರಾತ್ರಿ ಎಂಟರಿಂದ ಕೂತೆವು. ಮೊದಲು ಬಂದವು ಸಣ್ಣ ಹಸಿರು ಜಿಗಿಹುಳ, ಲೆಕ್ಕವಿಲ್ಲದಷ್ಟು. ಆಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ದುಂಬಿಗಳು. ಸೊಳ್ಳೆಯಂತೂ ಧೋತರಕ್ಕಿಂತ ನಮ್ಮ ಕಾಲಿಗೇ ಜಾಸ್ತಿ. ಪಕ್ಕದ ಮನೆಯ ಅಜ್ಜ ಏನೋ ಸಿನಿಮಾ ತೋರಿಸುತ್ತಾರೆ ಅಂದುಕೊಂಡು ಮಾಳಿಗೆ ಹತ್ತಿ ಬಂದರು. ಬರೀ ಹುಳ ಅಂತ ಗೊತ್ತಾದರೂ ಕೆಳಗೆ ಇಳಿಯಲಿಲ್ಲ.

"ಸಗಣಿ ಹುಳ ಬರಲಿಲ್ಲಲ್ಲೋ" ಅಂದರು ಸ್ವಲ್ಪ ಹೊತ್ತಿಗೆ.

ನಿಜ. ಮೊದಲ ಮಳೆಯಾದ ರಾತ್ರಿ ಗುಂಯ್ ಅಂತ ಬಂದು ಗೋಡೆಗೆ ಬಡಿದು, ತಾಟಿನೊಳಗೆ ಬಿದ್ದು, ಅಂಗಾತ ಒದ್ದಾಡುತ್ತಿದ್ದ ಆ ದಪ್ಪ ಕಪ್ಪು ಹುಳ ಒಂದೂ ಇಲ್ಲ. ಇದರ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅವತ್ತು ಬೆಳಿಗ್ಗೆ ದೇವರ ಜಗಲಿ ಮೇಲೆ ಇಟ್ಟು ಪೂಜೆ ಮಾಡಿದ್ದು ಎರಡು ಮಣ್ಣಿನ ಎತ್ತು. ಕೊಟ್ಟಿಗೆಯಲ್ಲಿ ಎತ್ತು ಇಲ್ಲ. ನಮ್ಮ ಓಣಿಯಲ್ಲಿ ಜೀವ ಇರುವ ಎತ್ತಿನ ಜೋಡಿ ಈಗ ಒಂದೇ ಮನೆಯಲ್ಲಿದೆ, ಉಳಿದವರದೆಲ್ಲ ಟ್ರ್ಯಾಕ್ಟರ್. ಮಣ್ಣೆತ್ತು ಸಗಣಿ ಹಾಕುವುದಿಲ್ಲ. ಇರುವ ನಾಲ್ಕು ಎಮ್ಮೆಗಳ ಸಗಣಿಯೂ ಮೊದಲಿನಂತೆ ಬಯಲಲ್ಲಿ ಬೀಳದೆ ನೇರ ತಿಪ್ಪೆಗೆ ಹೋಗುತ್ತದೆ. ಅದರ ಮೇಲೆ ಜಂತಿನ ಔಷಧ. ಐವರ್‌ಮೆಕ್ಟಿನ್ ಕೊಟ್ಟ ದನದ ಸಗಣಿಯಲ್ಲಿ ಅದರ ಅಂಶ ಹಲವು ದಿನ ಬರುತ್ತಲೇ ಇರುತ್ತದೆ, ಆ ಸಗಣಿಯಲ್ಲಿ ಹುಟ್ಟಿದ ಮರಿ ಹುಳಗಳು ಉಳಿಯುವುದು ಕಷ್ಟ. ದನದ ಡಾಕ್ಟರು ದನ ನೋಡುತ್ತಾರೆ, ಸಗಣಿ ಹುಳ ಯಾಕೆ ನೋಡಲಿ. ಯಾರದೂ ತಪ್ಪು ಅಂತ ಹೇಳುವ ಹಾಗಿಲ್ಲ.

ಒಂಬತ್ತು ದಾಟಿದ ಮೇಲೆ ಬೂದು ಕಂದು ಬಣ್ಣದ ಪತಂಗಗಳು ಬರತೊಡಗಿದವು. ಒಂದು ಧೋತರದ ಮೇಲೆ ರೆಕ್ಕೆ ಮಡಚಿ ಕೂತಿತು. ಹತ್ತಿರ ಹೋಗಿ ಮೊಬೈಲ್ ಟಾರ್ಚ್ ಹಾಕಿದೆ. ರೆಕ್ಕೆಯ ತುದಿಯಲ್ಲಿ ಒಂದು ಬಿಳಿ ಮಚ್ಚೆ. ಹೆಗಲ ಕಡೆಗೆ ರೋಮ ದಟ್ಟವಾಗಿ, ರೆಕ್ಕೆ ಮೇಲಿನ ಗೆರೆಗಳು ಒಣಗಿದ ಗೋವಿನಜೋಳದ ಎಲೆ ಮೇಲೆ ಎಲ್ಲೂ ಕಾಣದ ಹಾಗೆ ಇದ್ದವು. ಅಷ್ಟರಲ್ಲಿ ಮೇಲೆ ಬಂದ ಅಣ್ಣ ಒಂದೇ ನೋಟಕ್ಕೆ ಹೇಳಿದ.

"ಇದು ಸೈನಿಕ ಹುಳದ್ದು. ಇದು ಗಂಡು, ನಾಳೆ ಇದರ ಹೆಣ್ಣು ನಮ್ಮ ಸುಳಿಯಾಗ ತತ್ತಿ ಇಡತೈತಿ."

ಹುಳದ ಮಾತು ಬಂದ ಮೇಲೆ ಅಣ್ಣನ ಬಾಯಿ ನಿಲ್ಲಲಿಲ್ಲ. ತಲೆ ಮೇಲೆ ತಿರುವಿದ ವೈ ಅಕ್ಷರ, ಹಿಂಭಾಗದಲ್ಲಿ ಚೌಕಾಕಾರದ ನಾಲ್ಕು ಚುಕ್ಕೆ, ಸುಳಿಯೊಳಗೆ ಕಟ್ಟಿಗೆ ಪುಡಿಯಂಥ ಹಿಕ್ಕೆ, ಯಾವ ವಯಸ್ಸಿನ ಬೆಳೆಗೆ ಯಾವ ಎಣ್ಣಿ (ಕೀಟನಾಶಕ), ಯಾವುದಕ್ಕೆ ಈಗ ಬಗ್ಗುವುದಿಲ್ಲ, ಎಲ್ಲ ಹೇಳಿದ. ನಾನು ಫೋನಿನಲ್ಲಿ ನೋಡಿದೆ. ಅಮೆರಿಕ ಖಂಡದ ಹುಳ, 2016ರಲ್ಲಿ ಆಫ್ರಿಕಾ ಮುಟ್ಟಿತು, ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲೇ, ಗೋವಿನಜೋಳದ ಮೇಲೆ. ಮೆಣಸಿನಕಾಯಿಯ ಕಪ್ಪು ನುಸಿಯದೂ ಹೀಗೇ. ಆಗ್ನೇಯ ಏಷ್ಯಾದ ಹುಳ. ನಮ್ಮಲ್ಲಿ 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ ಸಿಕ್ಕಿದ್ದು ದಾಖಲಾಗಿದೆ. 2021ರಲ್ಲಿ ಅದು ಹೂವಿನೊಳಗೆ ಕೂತು ಹೂ ಉದುರಿಸಿ ಆಂಧ್ರ, ತೆಲಂಗಾಣ, ನಮ್ಮ ಕಡೆಯ ಮೆಣಸಿನ ಬೆಳೆಯನ್ನೆಲ್ಲ ಕೆಡಿಸಿತು. ಬ್ಯಾಡಗಿ ಕಡೆಯವರಿಗೆ ಆ ವರ್ಷ ಯಾರೂ ನೆನಪು ಮಾಡಿಕೊಡಬೇಕಿಲ್ಲ.

ನೋಡಿ, ಬಂದ ಹುಳಕ್ಕೆ ತಿಂಗಳು, ಊರು, ಬೆಳೆ ಎಲ್ಲ ಇದೆ. ನಷ್ಟ ಮಾಡಿತಲ್ಲ, ಬರೆದಿಟ್ಟರು. ಮಿರಗದ ಹುಳ ಯಾರಿಗೂ ನಷ್ಟ ಮಾಡಲಿಲ್ಲ. ಹಾಗಾಗಿ ಅದು ಯಾವ ವರ್ಷ ಕಾಣೆಯಾಯಿತು ಅಂತ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನಮ್ಮಲ್ಲಿ ಹುಳದ ಲೆಕ್ಕ ಇಡುವುದು ಶತ್ರುವಿನ ಲೆಕ್ಕ ಇಟ್ಟಂತೆ ಮಾತ್ರ.

ಜರ್ಮನಿಯ ಕ್ರೆಫೆಲ್ಡ್ ಎಂಬ ಊರಿನ ಹವ್ಯಾಸಿ ಕೀಟಪ್ರಿಯರ ಸಂಘವೊಂದು ಬೇರೆ ರೀತಿ ಮಾಡಿತು. 1989ರಿಂದ ಒಟ್ಟು 63 ಸಂರಕ್ಷಿತ ಜಾಗಗಳಲ್ಲಿ ಟೆಂಟಿನಂಥ ಬಲೆ ಕಟ್ಟಿ, ಸಿಕ್ಕ ಹಾರುವ ಹುಳವನ್ನೆಲ್ಲ ಬಾಟಲಿಯಲ್ಲಿ ಹಾಕಿ ತೂಕ ಮಾಡಿ ಬರೆದಿಟ್ಟರು. ಯಾವ ಹುಳ, ಒಳ್ಳೆಯದೋ ಕೆಟ್ಟದ್ದೋ, ಏನೂ ನೋಡಲಿಲ್ಲ, ಬರೀ ತೂಕ. 2017ರಲ್ಲಿ ಪ್ರಕಟವಾದಾಗ 27 ವರ್ಷದಲ್ಲಿ ಶೇಕಡಾ 76ರಷ್ಟು ಕುಸಿದಿತ್ತು. ಸಂರಕ್ಷಿತ ಜಾಗದಲ್ಲೇ ಹೀಗೆ! ಮುಂದೆ 2020ರಲ್ಲಿ ಬೇರೆ ಬೇರೆ ದೇಶಗಳ ಲೆಕ್ಕ ಒಟ್ಟು ಹಾಕಿದಾಗ ನೆಲದ ಕೀಟಗಳು ಹತ್ತು ವರ್ಷಕ್ಕೆ ಸುಮಾರು ಶೇಕಡಾ 9ರಷ್ಟು ಇಳಿಯುತ್ತಿವೆ, ಸಿಹಿನೀರಿನವು ಸುಮಾರು 11ರಷ್ಟು ಏರುತ್ತಿವೆ ಅಂತ ಬಂತು. ಹೊಳೆಗಳನ್ನು ಸ್ವಚ್ಛ ಮಾಡಿದ ಕಡೆ ಹುಳ ತಿರುಗಿ ಬಂದಿರಬಹುದು ಅನ್ನುತ್ತಾರೆ. ಎಲ್ಲ ಮುಗಿದೇ ಹೋಯಿತು ಅನ್ನುವವರ ಮಾತು ನನಗೆ ಅದಕ್ಕೇ ಪೂರ್ತಿ ಹಿಡಿಸುವುದಿಲ್ಲ. ಆದರೆ ಆ ಲೆಕ್ಕಗಳಲ್ಲಿ ಯುರೋಪ್, ಅಮೆರಿಕದ್ದೇ ಜಾಸ್ತಿ. ನಮ್ಮ ಮಸಾರಿ ಹೊಲಕ್ಕೆ ಬಲೆ ಕಟ್ಟಿದವರು ಯಾರು?

ಮರುದಿನ ಬೆಳಿಗ್ಗೆ ಹುಡುಗಿಯನ್ನು ಕರೆದುಕೊಂಡು ಹೊಲಕ್ಕೆ ಹೋದೆ, ಅವಳ ಪಟ್ಟಿಯಲ್ಲಿ ಇನ್ನೂ ಎರಡು ಕಡಿಮೆ ಇತ್ತು. ನಾನು ಸಣ್ಣವನಿದ್ದಾಗ ಈ ಹೊಲದಲ್ಲಿ ಹತ್ತಿ, ಜೋಳ, ನಡುವೆ ಅಕ್ಕಡಿ ಸಾಲಿನಲ್ಲಿ ಹೆಸರು, ತೊಗರಿ, ಅಂಚಿಗೆ ಗುರೆಳ್ಳು. ಗುರೆಳ್ಳು ಹೂ ಬಿಟ್ಟಾಗ ಹಳದಿ ಅಂಚಿನಿಂದ ಜೇನಿನ ಸದ್ದು ದಾರಿಗೇ ಕೇಳುತ್ತಿತ್ತು. ಈಗ ಬದುವಿನಿಂದ ಬದುವಿಗೆ ಗೋವಿನಜೋಳ. ಬಿತ್ತುವ ಬೀಜವೇ ಕೀಟನಾಶಕ ಬಳಿದುಕೊಂಡು ಬಣ್ಣ ಬಣ್ಣವಾಗಿ ಪ್ಯಾಕೆಟಿನಲ್ಲಿ ಬರುತ್ತದೆ. ಅಂಥ ಔಷಧಗಳಲ್ಲಿ ಮೂರನ್ನು ಜೇನಿನ ಕಾರಣಕ್ಕೆ ಯುರೋಪಿನವರು 2018ರಲ್ಲಿ ಬಯಲು ಬೇಸಾಯದಿಂದ ತೆಗೆದರು, ನಮ್ಮಲ್ಲಿ ನಡೆಯುತ್ತಿದೆ.

ನನಗೆ ಅದಕ್ಕಿಂತ ಎದ್ದು ಕಂಡದ್ದು ಬದು. ಮೊದಲು ಬದು ಅಂದರೆ ಎರಡು ಮಾರು ಅಗಲ, ಅದರ ಮೇಲೆ ಎಕ್ಕೆ, ತುಂಬೆ, ಉತ್ತರಾಣಿ, ನಡುವೆ ಹುತ್ತ. ಎಕ್ಕೆ ಎಲೆ ತಿರುವಿದರೆ ಹಳದಿ ಕಪ್ಪು ಪಟ್ಟೆಯ ಮರಿ ಸಿಗುತ್ತಿತ್ತು, ಮುಂದೆ ಅದೇ ಕಿತ್ತಳೆ ಬಣ್ಣದ ಚಿಟ್ಟೆ. ಈಗ ಬದುವನ್ನು ಎರಡೂ ಕಡೆಯಿಂದ ಉತ್ತು ಒಬ್ಬರು ನಡೆಯುವಷ್ಟು ಉಳಿಸಿದ್ದಾರೆ, ಅದಕ್ಕೂ ಕಸದೆಣ್ಣಿ, ಅಂದರೆ ಕಳೆನಾಶಕ ಹೊಡೆದಿದ್ದರು. ಹುಲ್ಲು ಬುಡದವರೆಗೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹುಡುಗಿ ಕೂತು ಒಂದು ಕಲ್ಲು ಎತ್ತಿ ನೋಡಿದಳು. ಕೆಳಗೆ ನಾಲ್ಕು ಇರುವೆ. "ಇರುವಿ ಬರದೇನಿ ಕಾಕಾ" ಅಂದಳು.

ಮನೆಗೆ ಬಂದರೆ ಹಿತ್ತಲಲ್ಲಿ ಇನ್ನೊಂದು. ಅವ್ವನ ಹೀರೆ ಬಳ್ಳಿ. ಹೀರೆ ಹೂ ಅರಳುವುದು ಸಂಜೆ. ಅವ್ವ ಆ ಹೊತ್ತಿಗೆ ಹೋಗಿ ಗಂಡು ಹೂ ಹರಿದು, ಎಸಳು ಹಿಂದಕ್ಕೆ ಮಡಚಿ, ಬುಡದಲ್ಲಿ ಬೆರಳುದ್ದದ ಎಳೆ ಕಾಯಿ ಇರುವ ಹೆಣ್ಣು ಹೂವಿನ ನಡುವೆ ಹಗೂರಕ್ಕೆ ಎರಡು ಸಲ ತಿರುವುತ್ತಾಳೆ. ಮಾಡದಿದ್ದರೆ ಕಾಯಿ ಹಳದಿಯಾಗಿ ಉದುರುತ್ತವಂತೆ. ಕಲಿತದ್ದು ರಾಣೇಬೆನ್ನೂರು ಕಡೆ ಬೀಜದ ಪ್ಲಾಟುಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋದಾಗ. ಅಲ್ಲಿ ಹೆಂಗಸರು ಕೈಯಿಂದ ಪರಾಗ ಮುಟ್ಟಿಸುವುದು ಹೈಬ್ರಿಡ್ ಬೀಜಕ್ಕಾಗಿ, ಜೇನು ಇಲ್ಲ ಅಂತ ಅಲ್ಲ. ಆ ಫೋಟೊ ಹಾಕಿ ಜೇನು ಸತ್ತವು ಅಂತ ವಾಟ್ಸಾಪಲ್ಲಿ ಕಳಿಸುವವರು ಇದ್ದಾರೆ, ಅದು ಸುಳ್ಳು. ಆದರೆ ಹಿತ್ತಲ ಹೀರೆಗೂ ಕ್ರಾಸಿಂಗ್ ಮಾಡುವುದು ಹೈಬ್ರಿಡ್ಡಿಗಾಗಿ ಅಲ್ಲವಲ್ಲ.

"ಮೊದಲೂ ಹಿಂಗ ಮಾಡತಿದ್ದೇನ ಅವ್ವ?" ಅಂದೆ.

"ಆಗ ನಾ ಯಾಕ ಮಾಡ್ಲಿ? ಮಾಡಾವು ಇದ್ದುವಲ್ಲ."

ರಾತ್ರಿ ಊಟಕ್ಕೆ ಕೂತಾಗ ಅಣ್ಣನ ಹತ್ತಿರ ಬದುವಿನ ಮಾತು ತೆಗೆದೆ. ಹುಣಸೆ ಮರದ ಕಡೆಯ ಬದು ಒಂದಕ್ಕೆ ಎಣ್ಣಿ ಹೊಡೆಯಬೇಡ, ಅಂಚಿಗೆ ಎರಡು ಸಾಲು ಗುರೆಳ್ಳು ಹಾಕು ಅಂತ. ಅವನು ಮೊದಲು ನಕ್ಕ. ಆಮೇಲೆ ಕೂಲಿ ಲೆಕ್ಕ ಹೇಳಿದ, ಕಸ ತೆಗೆಯಲು ಆಳು ಸಿಗದ ಕಷ್ಟ ಹೇಳಿದ, ಎಲ್ಲ ನಿಜವೇ. ಹುಬ್ಬಳ್ಳಿಯಲ್ಲಿ ಫ್ಯಾನ್ ಕೆಳಗೆ ಕೂತವನು ಹುಳದ ಪರ ವಕಾಲತ್ತು ಮಾಡುವುದು ಸುಲಭ, ಅದೂ ನಿಜ. ವೈನಿ ಮಾತ್ರ, ಗುರೆಳ್ಳು ಚಟ್ನಿಪುಡಿ ಮನೆಯದೇ ಆಗುತ್ತದಲ್ಲ, ಅಂಗಡಿಯದು ಸರಿ ಇರೋದಿಲ್ಲ ಅಂದಳು. ಅಲ್ಲಿಗೆ ಅಣ್ಣ ಸ್ವಲ್ಪ ಬಗ್ಗಿದ.

"ಒಂದ ಬದು ಬಿಡ್ತೀನಿ ತಮ್ಮಾ. ಆದ್ರ ಕಸ ಹೊಲದಾಗ ಇಳಿದ್ರ ನೀನ ರಜಾ ಹಾಕಿ ಬಂದು ಕೀಳಬೇಕು ನೋಡು."

ಆಯ್ತು ಅಂದಿದ್ದೇನೆ. ಗುರೆಳ್ಳು ಬೀಜ ಮಾತ್ರ ಇನ್ನೂ ಸಿಕ್ಕಿಲ್ಲ.