ಒಂದೇ ಎಂಜಿನ್, ಎರಡು ಕಾರು, ಒಂದು ಡಬ್ಬ

ಮುಚ್ಚಿಹೋದ ಕಂಪನಿಯ ಕಾರು ತಗೊಳ್ತೀನಿ ಅಂದಾಗ ಮನೆಯಲ್ಲಿ ಯಾರೂ ಬೈಯಲಿಲ್ಲ. ನಕ್ಕರು. ಬೈದಿದ್ದರೇ ವಾಸಿಯಿತ್ತು.

ಸಾಬ್ ಕಾರಿನ ಹುಚ್ಚು ನನಗೆ ಹಳೆಯದು. ಮೊದಲು ವಿಮಾನ ಮಾಡುತ್ತಿದ್ದ ಕಂಪನಿ ಅದು. 1949ರಲ್ಲಿ ಕಾರು ಮಾಡೋಕೆ ಶುರು ಮಾಡಿತು. ಕೀ ಹಾಕುವ ಜಾಗ ಸ್ಟೀರಿಂಗ್ ಪಕ್ಕದಲ್ಲಲ್ಲ, ಎರಡು ಸೀಟುಗಳ ನಡುವೆ. ರಾತ್ರಿ ಒಂದು ಗುಂಡಿ ಒತ್ತಿದರೆ ಸ್ಪೀಡೋಮೀಟರ್ ಬಿಟ್ಟು ಉಳಿದ ಮೀಟರುಗಳ ಬೆಳಕೆಲ್ಲ ಆರಿಹೋಗುತ್ತದೆ. ಇಂಥ ತಿಕ್ಕಲುತನಕ್ಕೆ ಮನಸೋತವನು ನಾನು. ಆದರೆ ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿದ್ದ ಆ ಕಂಪನಿ 2011ರ ಡಿಸೆಂಬರ್ 19ರಂದು ದಿವಾಳಿ ಅರ್ಜಿ ಹಾಕಿತು. ನಾನು ದುಡ್ಡು ಹೊಂದಿಸುವಷ್ಟರಲ್ಲಿ ಸೆಕೆಂಡ್ ಹ್ಯಾಂಡ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

ಹುಡುಕಿ ಹುಡುಕಿ ಕೊನೆಗೆ ಉಳಿದದ್ದು ಎರಡು ಡೀಸೆಲ್. ಒಂದು 2008ರ 9-3 ಸೆಡಾನ್. ಇನ್ನೊಂದು 2007ರ 9-5, ಹಿಂದೆ ಉದ್ದ ಡಿಕ್ಕಿ ಇರೋ ಎಸ್ಟೇಟ್. ಎರಡನ್ನೂ ಒಂದೇ ದಿನ ನೋಡೋದು ಅಂತಾಯಿತು. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಮೂವತ್ತು ವರ್ಷ ಗ್ಯಾರೇಜಿನಲ್ಲಿ ಕೈ ಕರಿ ಮಾಡಿಕೊಂಡವರು. ಅವರನ್ನು ಕರಕೊಂಡು ಹೊರಟೆ.

ದಾರಿಯಲ್ಲಿ ನಾನು ಎಂಜಿನ್ ಬಗ್ಗೆ ಓದಿಕೊಂಡಿದ್ದನ್ನೆಲ್ಲ ಒದರುತ್ತಿದ್ದೆ. ಎರಡರಲ್ಲೂ ಇರೋದು ಒಂದೇ, 1.9 ಲೀಟರಿನ ಟಿಐಡಿ, ಅಂದರೆ ಸಾಬ್‌ನವರ ಟರ್ಬೋ ಡೀಸೆಲ್, 150 ಕುದುರೆ ಶಕ್ತಿ, ಹದಿನಾರು ವಾಲ್ವ್. ಭಾವ ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಅದು ಫಿಯಟ್ ಮನೆತನದ ಎಂಜಿನ್ ಕಣೋ. ಒಪೆಲ್ ವೆಕ್ಟ್ರಾದಲ್ಲೂ ಇದೆ, ಆಲ್ಫಾ 159ರಲ್ಲೂ ಇದೆ. ಅದು ಅನಾಥ ಅಲ್ಲ. ಅಣ್ಣ ತಮ್ಮಂದಿರು ಬೇಕಾದಷ್ಟಿದ್ದಾರೆ. ಬೆಲ್ಟ್, ಪಂಪ್, ಕ್ಲಚ್, ಇಂಜೆಕ್ಟರ್ ಎಲ್ಲಾ ಸಿಗತ್ತೆ. ಬಾಗಿಲು, ಗಾಜು, ದೀಪ, ಸ್ವಿಚ್ಚು ನೋಡು. ಅವಕ್ಕೆ ನೆಂಟರಿಲ್ಲ."

ಈ ಮಾತು ನನಗೆ ಹೊಳೆದೇ ಇರಲಿಲ್ಲ. ನಾನು ರಾತ್ರಿಯೆಲ್ಲ ಟರ್ಬೋ ಬಗ್ಗೆ ತಲೆ ಕೆಡಿಸಿಕೊಂಡಿದ್ದೆ.

ಮೊದಲು ನೋಡಿದ್ದು 9-3. ನೋಡೋಕೆ ಮದುಮಗನ ಹಾಗಿತ್ತು. ಓಡಿದ್ದು ಕಡಿಮೆ, ಒಳಗೆ ಸೀಟಿನ ಮೇಲೆ ಒಂದು ಕಲೆ ಇಲ್ಲ. ಮಾರುವವರ ಮನೆಯಿಂದ ಆಫೀಸಿಗೆ ಹತ್ತೇ ನಿಮಿಷದ ದಾರಿಯಂತೆ. ಕಾರು ಓಡಿದ್ದೆಲ್ಲ ಅಷ್ಟೇ, ಹೋಗೋದು ಬರೋದು. ಮಾರುವವರು ಇದನ್ನು ಹೆಮ್ಮೆಯಿಂದ ಹೇಳಿದರು. ಭಾವ ನನ್ನ ಕಡೆ ನೋಡಿ ಹುಬ್ಬೇರಿಸಿದರು.

ಬಾನೆಟ್ ಎತ್ತಿದವರೇ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದರು. ಆಯಿಲ್ ಮೇಲಿನ ಗೆರೆಯನ್ನೂ ದಾಟಿ ಒಂದು ಬೆರಳಷ್ಟು ಮೇಲಕ್ಕಿತ್ತು. ಒಂದು ಹನಿಯನ್ನು ಬೆರಳ ಮಧ್ಯೆ ಉಜ್ಜಿ ಮೂಸಿ, ನನ್ನ ಮೂಗಿನ ಹತ್ತಿರ ಹಿಡಿದರು. ನೀರಿನ ಹಾಗೆ ತೆಳು. ಡೀಸೆಲ್ ವಾಸನೆ ಗಪ್ಪಂತ ಹೊಡೆಯಿತು.

ಕಾರಣ ಇಷ್ಟೇ. ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಮಸಿ ಸುಡಬೇಕು, ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಎಂಜಿನ್ ತಾನೇ ಸ್ವಲ್ಪ ಡೀಸೆಲ್ ಜಾಸ್ತಿ ಬಿಟ್ಟು ಬಿಸಿ ಮಾಡಿಕೊಳ್ಳುತ್ತದೆ. ಅಷ್ಟರಲ್ಲಿ ಆಫೀಸ್ ಬಂತು ಅಂತ ಕಾರು ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ದಿನಾ ಹೀಗೇ ಆದರೆ, ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಪಾಪ, ಕಾರಿನ ತಪ್ಪೇನಿಲ್ಲ. ಡೀಸೆಲ್ ಕಾರನ್ನು ಸೈಕಲ್ ಥರ ಬಳಸಿದ್ದರು, ಅಷ್ಟೇ. ಕಡಿಮೆ ಓಡಿದ್ದೇ ಒಳ್ಳೆಯದು ಅಂತ ಅದುವರೆಗೂ ನಂಬಿದ್ದೆ ನಾನು.

ಹಿಂದೆ ಬಲಗಡೆ ದೀಪದ ಗಾಜಿಗೆ ಕೆಂಪು ಟೇಪ್ ಅಂಟಿಸಿತ್ತು. ರಿವರ್ಸ್ ತಗೋವಾಗ ಕಂಬಕ್ಕೆ ತಾಗಿದ್ದಂತೆ. "ಒಂದು ದೀಪ ತಾನೇ, ಹಾಕಿಸ್ಕೊಳ್ಳಿ" ಅಂದರು. ಭಾವ ಸುಮ್ನೆ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ಹೇಳಿದರು, "ಎಲೆಕ್ಟ್ರಾನಿಕ್ ಡಬ್ಬಿ ಏನಾದ್ರೂ ಹೋದ್ರೆ ಇನ್ನೂ ಕಷ್ಟ. ಗುಜರಿ ಕಾರಿಂದ ಕಿತ್ತು ಹಾಕಿದ್ರೆ ಈ ಕಾರು ಅದನ್ನ ಗುರುತೇ ಹಿಡಿಯಲ್ಲ. ಟೆಕ್-2 ಅನ್ನೋ ಮಷೀನ್ ಇಟ್ಟುಕೊಂಡು ಎರಡಕ್ಕೂ ಮದುವೆ ಮಾಡಿಸೋ ಪುರೋಹಿತ ಬೇಕು." ಅವರು ತಮಾಷೆಗೆ ಅಂದಿದ್ದಲ್ಲ. ಆ ಕೆಲಸಕ್ಕೆ ಇಂಗ್ಲಿಷಿನಲ್ಲೂ ಮದುವೆ ಅಂತಲೇ ಹೇಳುತ್ತಾರೆ.

9-5 ನೋಡೋಕೆ ಹೋದಾಗ ಮಧ್ಯಾಹ್ನ. ಎರಡು ಲಕ್ಷ ಚಿಲ್ಲರೆ ಕಿಲೋಮೀಟರ್ ಓಡಿದೆ. ಡ್ರೈವರ್ ಸೀಟಿನ ಅಂಚು ಸವೆದು ಹೊಳೆಯುತ್ತಿತ್ತು. ನನಗೆ ಬೇಜಾರಾಯಿತು. ಮಾರುವ ಅಜ್ಜ ಒಂದು ದಪ್ಪ ಫೈಲ್ ತಂದು ಬಾನೆಟ್ ಮೇಲಿಟ್ಟರು. ವಾಲ್ವುಗಳನ್ನು ಆಡಿಸೋ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲಿನಲ್ಲಿ ವಾಟರ್ ಪಂಪೂ ಇತ್ತು. ಭಾವ ಹುಡುಕುತ್ತಿದ್ದುದು ಅದನ್ನೇ. ಈ ಎಂಜಿನ್ನಿನಲ್ಲಿ ಪಂಪ್ ತಿರುಗೋದು ಅದೇ ಬೆಲ್ಟಿನಿಂದ. ಪಂಪ್ ಹಿಡಿದುಕೊಂಡರೆ ಬೆಲ್ಟ್ ಹೋಗುತ್ತದೆ, ಬೆಲ್ಟ್ ಹೋದರೆ ವಾಲ್ವುಗಳಿಗೆ ಪಿಸ್ಟನ್ ಬಡಿಯುತ್ತದೆ. ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೇ ಕಳಿಸೋ ಇಜಿಆರ್ ವಾಲ್ವ್ ಎರಡು ಸಲ ಬಿಚ್ಚಿ ಮಸಿ ತೆಗೆಸಿದ ಬಿಲ್ಲೂ ಸಿಕ್ಕಿತು.

ದೋಷ ಇರಲಿಲ್ಲ ಅಂತಲ್ಲ. ಐಡ್ಲಿಂಗಿನಲ್ಲಿ ಗೇರ್‌ಬಾಕ್ಸ್ ಕಡೆಯಿಂದ ಗಲಗಲ ಸದ್ದು. ಕ್ಲಚ್ ಒತ್ತಿದರೆ ಸದ್ದು ಬದಲಾಗುತ್ತಿತ್ತು. ಆಫ್ ಮಾಡುವಾಗ ಧಡಕ್ ಅಂತ ಒಂದು ಕುಲುಕು. "ಡ್ಯುಯಲ್ ಮಾಸ್ ಫ್ಲೈವೀಲ್ ಮುಗೀತಾ ಬಂದಿದೆ, ಕ್ಲಚ್ ಜೊತೆ ಹಾಕಿಸಬೇಕು" ಅಂದರು ಭಾವ. ಎಂಜಿನ್ನಿನ ಕುಲುಕು ಗೇರ್‌ಬಾಕ್ಸಿಗೆ ತಾಗದ ಹಾಗೆ ತಡೆಯೋ ಚಕ್ರ ಅದು. ಖರ್ಚು ಸಣ್ಣದಲ್ಲ. ಆದರೆ ಅದು ನೆಂಟರಿರುವ ಭಾಗ.

ಬೆಲೆ ಮಾತಾಡಿ ಸ್ವಲ್ಪ ಇಳಿಸಿಕೊಂಡೆವು. ನಾನು ಆಗಲೂ 9-3 ಬಣ್ಣ ನೆನಪಿಸಿಕೊಂಡು ಅನುಮಾನಿಸುತ್ತಿದ್ದೆ. ಅಷ್ಟರಲ್ಲಿ ಅಜ್ಜ, "ಒಂದು ನಿಮಿಷ, ಇದು ಕಾರಿನ ಜೊತೆಗೇ ಹೋಗಬೇಕು" ಅಂತ ಒಳಗೆ ಹೋದರು. ಹಗ್ಗ ಕಟ್ಟಿದ ಒಂದು ರಟ್ಟಿನ ಡಬ್ಬ ಹೊತ್ತು ತಂದರು. ಬಿಚ್ಚಿದರೆ ಹಳೇ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಎರಡು ಹಿಂದಿನ ದೀಪ, ಒಂದು ಕಿಟಕಿ ಸ್ವಿಚ್ಚು, ಬಾಗಿಲ ಹಿಡಿ, ಕನ್ನಡಿಯ ಗಾಜು. ಎಲ್ಲಾ ಹೊಸದು. ಕಂಪನಿ ಮುಚ್ಚಿದ ಸುದ್ದಿ ಕೇಳಿದ ವಾರವೇ ಹೋಗಿ ತಂದಿಟ್ಟಿದ್ದರಂತೆ. ಬಿಡಿಭಾಗ ಮಾರುವ ವಿಭಾಗ ಆಮೇಲೆ ಓರಿಯೋ ಅನ್ನೋ ಹೆಸರಲ್ಲಿ ಉಳಿದುಕೊಂಡಿತು, ಅವರು ಅಷ್ಟು ಹೆದರಬೇಕಿರಲಿಲ್ಲ. ಆದರೂ ಆ ಡಬ್ಬ ನೋಡಿ ನನ್ನ ಬಾಯಿ ಕಟ್ಟಿಹೋಯಿತು.

ಅಡ್ವಾನ್ಸ್ ಕೊಟ್ಟೆ. ಹೊರಡೋಣ ಅಂತ ಸೀಟಿನಲ್ಲಿ ಕೂತು ಸ್ಟೀರಿಂಗ್ ಪಕ್ಕ ಕೀ ತೂತಿಗಾಗಿ ತಡಕಾಡಿದೆ. ಇಷ್ಟು ವರ್ಷ ಹೊಗಳಿದ್ದು ಅದನ್ನೇ, ಕೈಗೆ ಮಾತ್ರ ಮರೆತುಹೋಗಿತ್ತು. ಹಿಂದಿನ ಸೀಟಿನಲ್ಲಿ ಭಾವ ಡಬ್ಬ ತೊಡೆ ಮೇಲಿಟ್ಟುಕೊಂಡು ಕೂತಿದ್ದರು.

"ಕೆಳಗಿದೆ ನೋಡೋ, ಸೀಟುಗಳ ಮಧ್ಯೆ" ಅಂದರು. "ನಿಧಾನಕ್ಕೆ ಬಿಡು, ದೀಪ ಒಡೆದುಹೋದೀತು."