ಕುಷ್ಟಗಿ ಹಿತ್ತಲಲ್ಲಿ ಗುಗ್ಗಳದ ಗಿಡ

ಮದುವೆಗೆ ಮುಂಚೆ ವೀರಭದ್ರನ ಗುಗ್ಗಳ, ಅಂದ್ರೆ ಧೂಪ ಉರಿಸುವ ಮೆರವಣಿಗೆ, ಹೊರಡಿಸುವ ಮಂದಿ ನಾವು. ಆದರೆ ಆ ಧೂಪದ ಅಂಟು ಕೊಡುವ ಗುಗ್ಗಳದ ಗಿಡ ಯಾವುದು ಅಂದ್ರೆ ಅರ್ಧ ಊರು ಜಾಲಿ ಕಡೆ ಕೈ ತೋರಿಸುತ್ತೆ!

ಗುರುತು ಹಿಡಿಯೋದು ಕಷ್ಟವಲ್ಲ. ಮೊದಲು ತೊಗಟೆ ನೋಡಿ. ತೆಳು ಕಾಗದದ ಹಾಗೆ ಸುಲಿದು ಬರುತ್ತೆ, ಕೆಳಗೆ ಹಸಿರು ಕಾಣುತ್ತೆ. ರೆಂಬೆಯ ತುದಿಯೇ ಚೂಪಾಗಿ ಮುಳ್ಳಾಗಿರುತ್ತೆ. ಎಲೆ ಮೂರು ಮೂರು ಸೇರಿದ್ದು, ನಡುವಿನದು ದೊಡ್ಡದು, ಪಕ್ಕದವು ತೀರಾ ಚಿಕ್ಕವು. ಹೂವು ಕೆಂಪಗೆ, ಪುಟ್ಟದಾಗಿ ರೆಂಬೆಗೆ ಅಂಟಿಕೊಂಡಿರುತ್ತೆ. ಬಗ್ಗಿ ನೋಡದಿದ್ದರೆ ಕಾಣೋದೇ ಇಲ್ಲ.

ಅಂಟಿನ ಆಸೆಗೆ ಆಳವಾಗಿ ಕಚ್ಚು ಹಾಕ್ತಾರೆ, ಗಿಡ ಒಣಗುತ್ತೆ. ಅಳಿವಿನಂಚಿನ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ತೀವ್ರ ಅಪಾಯದ ಸಾಲಿನಲ್ಲಿದೆ.

ಬೆಳೆಸೋಕೆ ರೆಂಬೆಯೇ ಸಾಕು. ಬೀಜದಿಂದಲೂ ಬರುತ್ತೆ, ಆದರೆ ಮೊಳಕೆ ಕಡಿಮೆ. ಮುಂಗಾರಿನ ಹೊತ್ತಿಗೆ ಹೆಬ್ಬೆರಳಿಗಿಂತ ಸಣ್ಣ, ಒಂದು ಗೇಣು ಉದ್ದದ ಬಲಿತ ತುಂಡು ಕತ್ತರಿಸುತ್ತೇನೆ. ಕತ್ತರಿಸಿದ ಕಡೆ ಘಮ್ಮನೆ ಅಂಟು ಜಿನುಗುತ್ತೆ. ಅದು ಆರುವ ತನಕ ನೆರಳಲ್ಲಿಟ್ಟು, ಆಮೇಲೆ ಮರಳು ಜಾಸ್ತಿ ಇರುವ ಮಣ್ಣಿಗೆ ಊರುತ್ತೇನೆ. ನಮ್ಮ ಎರೆಮಣ್ಣು ಸುತರಾಂ ಬೇಡ, ನೀರು ನಿಂತರೆ ಬುಡ ಕೊಳೆಯುತ್ತೆ.

ಅತ್ತೆಗೆ ಮಾತ್ರ ಸಮಾಧಾನ ಇಲ್ಲ. "ಒಣ ಕಟ್ಟಿಗಿ ನೆಟ್ಟು ದಿನಾ ನೋಡಾಕ ಹೋಗ್ತೀಯಲ್ಲವಾ" ಅಂತಾರೆ. ಬೇಸಿಗೆಯಲ್ಲಿ ಎಲೆ ಉದುರಿಸಿಕೊಂಡು ನಿಂತ ಗಿಡ ಸತ್ತಂತೆಯೇ ಕಾಣುತ್ತೆ, ನಿಜ. ಉಗುರಿನಿಂದ ತೊಗಟೆ ಕೆರೆದು ನೋಡಿ. ಹಸಿರಿದ್ದರೆ ಕೀಳಬೇಡಿ.