ಜೀಪಿನ ಹಿಂದಿನ ಸೀಟು

9 ನವೆಂಬರ್ 2025, ಭಾನುವಾರ
ಮುಳ್ಳೇರಿಯ, ಕಾಸರಗೋಡು ಜಿಲ್ಲೆ

ಇಪ್ಪತ್ತು ವರ್ಷದಿಂದ ತಾಳಮದ್ದಳೆ ಕೂಟಗಳಲ್ಲಿ ಮದ್ದಳೆ ಬಾರಿಸುವವನು ನಾನು. ಲಯ ತಪ್ಪಿತು ಎಂದು ಇವತ್ತು ಒಬ್ಬರು ಸಿಸ್ಟರ್ ಕೈಯಿಂದ ಹೇಳಿಸಿಕೊಂಡೆ, ಅದೂ ಒಂದು ಬೊಂಬೆಯ ಎದೆಯ ಮೇಲೆ.

ಕ್ಲಬ್ಬಿನ ಹುಡುಗರು ವಾಚನಾಲಯದ ಹಾಲಿನಲ್ಲಿ ಸಿ.ಪಿ.ಆರ್., ಅಂದರೆ ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವ ವಿದ್ಯೆಯ ತರಗತಿ ಇಟ್ಟಿದ್ದರು. ಅಡಿಕೆ ಕೊಯ್ಲು ಜೋರಾಗುವ ಮೊದಲೇ ಆಗಲಿ ಎಂಬ ಲೆಕ್ಕ. ಅಲ್ಯೂಮಿನಿಯಂ ದೋಟಿ ಕರೆಂಟಿನ ತಂತಿಗೆ ತಾಗಿ ಹೋದವರ ಸುದ್ದಿ ನಮ್ಮ ಕಡೆ ಹೊಸತಲ್ಲವಲ್ಲ. ಸಿಸ್ಟರ್ ಮಾತು ಮಲಯಾಳದಲ್ಲಿ, ನಮ್ಮ ಪ್ರಶ್ನೆಗಳು ಕನ್ನಡ, ತುಳು ಎರಡರಲ್ಲೂ. ದೋಟಿಯ ವಿಷಯಕ್ಕೆ ಅವರು ಹೇಳಿದ್ದು ಇಷ್ಟೇ: ತಂತಿಯಲ್ಲಿ ಕರೆಂಟು ನಿಂತಿತೆಂದು ಖಾತ್ರಿಯಾಗುವವರೆಗೆ ಬಿದ್ದವನ ಹತ್ತಿರ ಹೋಗಬೇಡಿ, ಇಲ್ಲದಿದ್ದರೆ ಎರಡು ಹೆಣ.

ಬೊಂಬೆಗೆ ಸೊಂಟದಿಂದ ಕೆಳಗೆ ಏನೂ ಇಲ್ಲ. ಇಂಥ ಬೊಂಬೆಯನ್ನು 1960ರಲ್ಲಿ ಮೊದಲು ಮಾಡಿದ್ದು ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಅಂತೆ. ಪ್ಯಾರಿಸಿನ ಸೇನ್ ನದಿಯಲ್ಲಿ ಸಿಕ್ಕಿದಳೆಂದು ಹೇಳುವ, ಹೆಸರೇ ಗೊತ್ತಿಲ್ಲದ ಒಬ್ಬ ಹುಡುಗಿಯ ಮುಖವನ್ನು ಅದಕ್ಕೆ ಇಟ್ಟನಂತೆ. ಇದನ್ನು ಕೇಳಿದ ಮೇಲೆ ನಮ್ಮ ಅತ್ತಿಗೆ ಬೊಂಬೆಯ ಹಣೆಗೆ ಅಂಟಿದ್ದ ಕಸವನ್ನು ಸೆರಗಿನಲ್ಲಿ ಒರೆಸಿ ತೆಗೆದರು.

ಒತ್ತುವುದು ಎದೆಯ ನಡುವೆ, ಅಂಗೈಯ ಬುಡದಿಂದ, ಮೊಣಕೈ ಮಡಚದೆ. ದೊಡ್ಡವರಿಗೆ ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಲಯವಷ್ಟೇ ತಾನೆ ಎಂದು ಮೀಸೆ ತಿರುವಿ ಕೂತೆ. ಯುದ್ಧದ ಪದ ಬಂದಾಗ ಭಾಗವತರು ಏರಿಸಿದಂತೆ ನಾವೂ ಏರುತ್ತೇವೆ, ಅದೇ ಕೈಗೆ ಹತ್ತಿದ ಚಾಳಿ. ಮೂವತ್ತು ಆಗುವಷ್ಟರಲ್ಲಿ ನಾನು ನಿಮಿಷಕ್ಕೆ 140ರ ಓಟದಲ್ಲಿದ್ದೆನಂತೆ. ಇನ್ನೊಂದು ತಪ್ಪು ಭಾರವನ್ನು ಪೂರ್ತಿ ಬಿಡದೇ ಇದ್ದದ್ದು. ಕೈ ಎದೆಯಿಂದ ಏಳಬಾರದು, ಭಾರ ಮಾತ್ರ ಏಳಬೇಕು. ಎದೆ ತಿರುಗಿ ಉಬ್ಬಿದರೆ ತಾನೆ ಹೃದಯಕ್ಕೆ ರಕ್ತ ತುಂಬುವುದು? ಸುಸ್ತಾಗಿ ಕೈ ನಿಧಾನವಾದಾಗೆಲ್ಲ ಸಿಸ್ಟರ್ “ನಿರ್ತಲ್ಲೇ, ನಿರ್ತಲ್ಲೇ”, ನಿಲ್ಲಿಸಬೇಡಿ ಎನ್ನುತ್ತಿದ್ದರು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಆ ಎರಡು ನಿಮಿಷ ಎಷ್ಟು ಉದ್ದವೆಂದು ಒತ್ತಿದವರಿಗೇ ಗೊತ್ತು. ತೆಂಗು ಹತ್ತುವ ಗಟ್ಟಿ ಆಳೂ ಏದುಸಿರು ಬಿಟ್ಟ.

ಮೂವತ್ತು ಒತ್ತು, ಎರಡು ಉಸಿರು. ಬಾಯಿಗೆ ಬಾಯಿ ಇಡಲು ಮನಸ್ಸು ಬಾರದಿದ್ದರೆ, ಬರೀ ಒತ್ತಿದರೂ ಒತ್ತದೆ ಇರುವುದಕ್ಕಿಂತ ಎಷ್ಟೋ ಮೇಲು. ಕೆರೆಗೆ ಬಿದ್ದವರಿಗೆ ಮಾತ್ರ ಉಸಿರೂ ಬೇಕೇ ಬೇಕು. ಅವರ ಹೊಟ್ಟೆ ಒತ್ತಿ ನೀರು ಕಕ್ಕಿಸುವ ನಮ್ಮ ಹಳೇ ವಿದ್ಯೆ ಬೇಡ. ಅಪಸ್ಮಾರ ಬಂದವರ ಕೈಗೆ ಬೀಗದಕೈ ಗೊಂಚಲು ಕೊಡುವುದೂ ಬೇಡ ಎಂದಾಗ ಹಿರಿಯರೊಬ್ಬರು ಒಪ್ಪಲೇ ಇಲ್ಲ. ಅದರ ವಾದದಲ್ಲೇ ಕಾಲು ಗಂಟೆ ಹೋಯಿತು. ಗಂಟಲಲ್ಲಿ ತುತ್ತು ಸಿಕ್ಕಿದವರಿಗೆ ಬೆನ್ನಿಗೆ ಐದು ಪೆಟ್ಟು, ಹೊಟ್ಟೆಗೆ ಐದು ಅದುಮು. ಒಂದು ವರ್ಷದೊಳಗಿನ ಮಗುವಾದರೆ ಹೊಟ್ಟೆ ಮುಟ್ಟದೆ ಎದೆಗೆ. ಹೃದಯಕ್ಕೆ ಕರೆಂಟಿನ ಶಾಕ್ ಕೊಡುವ ಎ.ಇ.ಡಿ. ಯಂತ್ರವನ್ನು ಪಟದಲ್ಲಿ ತೋರಿಸಿದರು.

ಇಷ್ಟರವರೆಗೆ ಎಲ್ಲ ಸರಿ ಇತ್ತು. ಆಮೇಲೆ ಯಾರೋ ಕೇಳಿದರು, “ಉಸಿರಾಡುತ್ತಿದ್ದರೆ ಒತ್ತಬಾರದಲ್ಲ?” ಸಿಸ್ಟರ್ ನೆಲದಲ್ಲಿ ಮಲಗಿ ಮಾಡಿ ತೋರಿಸಿದರು. ಬಾಯಿ ದೊಡ್ಡದಾಗಿ ತೆರೆದು ಒಂದು ಗೊರಕೆ, ಆಮೇಲೆ ಏನೂ ಇಲ್ಲ, ಸುಮಾರು ಹೊತ್ತು ಬಿಟ್ಟು ಇನ್ನೊಂದು. ನೀರಿನಿಂದ ಹೊರಗೆ ಹಾಕಿದ ಮೀನಿನ ಹಾಗೆ. ಹೃದಯ ನಿಂತ ಮೇಲೂ ಕೆಲವರಲ್ಲಿ ಸ್ವಲ್ಪ ಹೊತ್ತು ಹೀಗೆ ಬರುತ್ತದೆ, ಇದು ಉಸಿರಲ್ಲ, ತಡಮಾಡದೆ ಒತ್ತಲು ಶುರುಮಾಡಿ ಎಂದರು.

ನಾನು ಎದ್ದು ಹೊರಗೆ ಬಂದು ನಳ್ಳಿಯಲ್ಲಿ ಮುಖ ತೊಳೆದೆ.

ಎಂಟು ವರ್ಷದ ಹಿಂದೆ ದೊಡ್ಡಪ್ಪ ಅಂಗಳದಲ್ಲಿ, ಒಣಹಾಕಿದ ಅಡಿಕೆಯ ಮೇಲೆಯೇ ಕುಸಿದಿದ್ದರು. ಜೀಪು ಬರಲು ಹತ್ತು ನಿಮಿಷ. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲೆ. ಬಾಯಿ ಹೀಗೆಯೇ ತೆರೆಯುತ್ತಿತ್ತು. “ಉಸಿರುಂಟು, ಉಸಿರುಂಟು, ಬೇಗ ಬಿಡು” ಎಂದು ಬೋವಿಕ್ಕಾನದವರೆಗೂ ಹೇಳುತ್ತಲೇ ಇದ್ದೆ. ಇಲ್ಲಿಂದ ಕಾಸರಗೋಡಿಗೆ ಮುಕ್ಕಾಲು ಗಂಟೆ ದಾರಿ. ಮೆದುಳಿಗೆ ರಕ್ತ ನಿಂತರೆ ನಾಲ್ಕೈದು ನಿಮಿಷದಲ್ಲೇ ಕೆಡಲು ಶುರು. ಮೆತ್ತಗಿನ ಸೀಟಿನ ಮೇಲೆ ಒತ್ತಿದರೂ ಪ್ರಯೋಜನ ಕಡಿಮೆ, ಬಿದ್ದ ಜಾಗದಲ್ಲೇ, ಗಟ್ಟಿ ನೆಲದ ಮೇಲೆ ಒತ್ತಬೇಕು, ಒಬ್ಬರು 108ಕ್ಕೆ ಫೋನ್ ಮಾಡಬೇಕು. ನಮ್ಮ ಅಂಗಳಕ್ಕಿಂತ ಗಟ್ಟಿ ನೆಲ ಎಲ್ಲುಂಟು?

2020ರ ಮಾರ್ಚಿನಲ್ಲಿ ಕೊರೊನಾ ಎಂದು ಕರ್ನಾಟಕದ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿ, ಮಂಗಳೂರಿಗೆ ಹೊರಟ ರೋಗಿಗಳು ವಾಪಸಾದಾಗ ನಾವೆಲ್ಲ ದೂರದ ಬಗ್ಗೆಯೇ ಮಾತಾಡಿದ್ದು. ಆಸ್ಪತ್ರೆ ದೂರ, ಗಡಿ ಅಡ್ಡ. ದೂರ ನಿಜವೇ. ಆದರೆ ಆ ಹತ್ತು ನಿಮಿಷ ದೊಡ್ಡಪ್ಪನ ಸುತ್ತ ಏಳು ಮಂದಿ ನಿಂತಿದ್ದೆವು. ಒಬ್ಬರು ಗಾಳಿ ಹಾಕಿದರು, ಒಬ್ಬರು ಅಂಗಾಲು ತಿಕ್ಕಿದರು, ನಾನು ರಸ್ತೆಗೂ ಅಂಗಳಕ್ಕೂ ಓಡಾಡಿದೆ. ಒತ್ತಿದ್ದರೆ ಬದುಕುತ್ತಿದ್ದರೋ ಇಲ್ಲವೋ, ಸಿಸ್ಟರ್ ಹತ್ತಿರ ಕೇಳಲಿಲ್ಲ.

ಸಂಜೆ ದೊಡ್ಡಮ್ಮನ ಮನೆಗೆ ಹೋದೆ. ಜಗಲಿಯಲ್ಲಿ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದರು.

“ಎಂತ ಹೇಳಿಕೊಟ್ಟವು?”

“ಎದೆ ಒತ್ತುಲೆ.”

ಅವರು ಎಲೆಗೆ ಸುಣ್ಣ ಸವರಿದರು. ಆಮೇಲೆ ಎಂಟು ವರ್ಷದಿಂದ ಹೇಳುತ್ತಾ ಬಂದ ಮಾತನ್ನೇ ಹೇಳಿದರು.

“ಅಂದು ಜೀಪು ರಜ್ಜ ಬೇಗ ಬಂದಿದ್ದರೆ...”

“ಅಪ್ಪು ದೊಡ್ಡಮ್ಮ” ಎಂದು ಹೌದುಗುಟ್ಟಿದೆ.